ಗುರುತು ಬೇಡುವ ಮುನ್ನ: ಸಂಶಯದ ನಡುವೆಯೂ ತೀರ್ಮಾನ ಮಾಡುವ ದಾರಿ

ಭಾನುವಾರದ ಆರಾಧನೆ ಮುಗಿದ ಮೇಲೆ ಪಾಸ್ಟರ್ ಅವರನ್ನು ಬಾಗಿಲಲ್ಲೇ ತಡೆದು ನಿಲ್ಲಿಸುವವರ ಪ್ರಶ್ನೆಗಳು ಬೀದರದಲ್ಲಾಗಲಿ, ಕಲಬುರಗಿಯಲ್ಲಾಗಲಿ, ಯಾದಗಿರಿಯಲ್ಲಾಗಲಿ ಹೆಚ್ಚುಕಡಿಮೆ ಒಂದೇ. ಮಗನಿಗೆ ಹೈದರಾಬಾದಿನಲ್ಲಿ ಕಂಪನಿ ಕೆಲಸ ಸಿಕ್ಕಿದೆ. ಕಳಿಸಬೇಕೋ, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆಯಲ್ಲ ಎಂದು ಸರ್ಕಾರಿ ನೌಕರಿಗಾಗಿ ಇನ್ನೊಂದು ವರ್ಷ ಓದಿಸಬೇಕೋ? ಮಗಳಿಗೆ ಜಹೀರಾಬಾದಿನ ಕಡೆಯಿಂದ ಸಂಬಂಧ ಬಂದಿದೆ. ಹುಡುಗ ಒಳ್ಳೆಯವನು, ಆದರೆ ಅವರ ಸಭೆ (ಚರ್ಚ್) ಬೇರೆ, ಏನು ಮಾಡುವುದು? ಈ ಸಲ ತೊಗರಿಗೆ ನಾಲ್ಕು ಎಕರೆ ಹೆಚ್ಚಿಗೆ ಲಾವಣಿ (ಗುತ್ತಿಗೆ) ಹಿಡಿಯಬೇಕೋ ಬೇಡವೋ? ಎಲ್ಲರ ಮಾತೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ದೇವರ ಚಿತ್ತ ಏನೆಂದು ತಿಳಿಯುತ್ತಿಲ್ಲ, ಪ್ರಾರ್ಥನೆ ಮಾಡಿ.

ಎಲ್ಲರೂ ಹೊರಟುಹೋದ ಮೇಲೆ ಉಳಿಯುವ ಒಬ್ಬಿಬ್ಬರು ಇರುತ್ತಾರೆ. ಅವರ ಪ್ರಶ್ನೆ ಬೇರೆ: ಪ್ರಾರ್ಥನೆಯನ್ನು ದೇವರು ನಿಜವಾಗಿ ಕೇಳುತ್ತಾನೆಯೇ?

ಈ ಎರಡೂ ಬಗೆಯ ಓದುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಂಶಯವೆಲ್ಲ ಕರಗಿದ ಮೇಲೆಯೇ ಹೆಜ್ಜೆ ಇಡುತ್ತೇನೆ ಎನ್ನುವವರು ದೇವರಿಂದ ಖಾತರಿ ಪತ್ರ ಬೇಡುತ್ತಿದ್ದಾರೆ. ಸತ್ಯವೇದದಲ್ಲಿ (ಬೈಬಲಿನಲ್ಲಿ) ಅಂಥ ಪತ್ರ ಕೈಯಲ್ಲಿ ಹಿಡಿದು ಹೊರಟವರನ್ನು ಹುಡುಕಿದರೆ ಹೆಚ್ಚು ಜನ ಸಿಗುವುದಿಲ್ಲ. ಹೊರಟವರಲ್ಲಿ ಬಹುಪಾಲು ಜನ ಅರೆಮನಸ್ಸಿನಿಂದ, ಅಂಜಿಕೆಯಿಂದ, ಕೆಲವೊಮ್ಮೆ ದೇವರೊಂದಿಗೆ ಜಗಳವಾಡಿಕೊಂಡೇ ಹೊರಟರು.

ಮೊದಲು ಎರಡು ಪ್ರಶ್ನೆಗಳನ್ನು ಬಿಡಿಸಿಕೊಳ್ಳಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಪುಟದಲ್ಲಿ ತೀರ್ಮಾನವಾಗಬೇಕಾದ ಸಂಗತಿಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ಜೀವನದಲ್ಲಿ ಮುಂದೇನು" ಎಂದು ಬರೆದರೆ ಉಪಯೋಗವಿಲ್ಲ. "ಜೂನ್ ಒಳಗೆ ಹೈದರಾಬಾದಿನ ಕೆಲಸಕ್ಕೆ ಸೇರಬೇಕೋ ಬೇಡವೋ" ಎಂಬಷ್ಟು ನಿಖರವಾಗಿರಲಿ. ಬಲಪುಟದಲ್ಲಿ ದೇವರ ಬಗ್ಗೆ ಈಗ ನಿಮಗಿರುವ ಸಂಶಯವನ್ನು, ಇದನ್ನು ಯಾರೂ ಓದುವುದಿಲ್ಲ ಎಂಬಂತೆ ಬರೆಯಿರಿ. ಮನೆಯಲ್ಲಿ ಓದುವವರಿದ್ದರೆ ಬರೆದು ಹರಿದು ಹಾಕಿ, ಪರವಾಗಿಲ್ಲ.

ಇದೇಕೆ ಬೇಕು ಎಂದರೆ, ಈ ಎರಡು ಒಂದರ ಉಡುಪನ್ನು ಇನ್ನೊಂದು ಹಾಕಿಕೊಂಡು ಬರುತ್ತವೆ. ಹುಮನಾಬಾದ್ ಕಡೆಯ ಒಬ್ಬ ಪದವೀಧರನನ್ನು ಊಹಿಸಿಕೊಳ್ಳಿ. ಸರ್ಕಾರಿ ನೌಕರಿಯ ಪಿಡಿಒ ಪರೀಕ್ಷೆಯ ಪಟ್ಟಿಯಲ್ಲಿ ಹೆಸರಿಲ್ಲ, ಎಫ್‌ಡಿಎ ಪಟ್ಟಿಯಲ್ಲೂ ಇಲ್ಲ. "ದೇವರು ನನ್ನನ್ನು ಕೈಬಿಟ್ಟಿದ್ದಾನೆ" ಎನ್ನುತ್ತಾನೆ. ಕೆದಕಿ ಕೇಳಿದರೆ ದೇವರ ಮೇಲೆ ಅವನಿಗೆ ತಕರಾರು ಅಷ್ಟಾಗಿ ಇಲ್ಲ. ಓದುವುದನ್ನು ನಿಲ್ಲಿಸಿದರೆ ಅಪ್ಪ ಏನೆನ್ನುತ್ತಾರೋ, ಕೋಚಿಂಗಿಗೆ ಮಾಡಿದ ಸಾಲ ಯಾರು ತೀರಿಸುತ್ತಾರೋ ಎಂಬ ಅಂಜಿಕೆಯೇ ಇರುವುದು. ಇದರ ತದ್ವಿರುದ್ಧವೂ ಉಂಟು. ಮದುವೆಗೆ ಬಂದ ಪ್ರತಿ ಸಂಬಂಧವನ್ನೂ "ಮನಸ್ಸಿಗೆ ಸಮಾಧಾನವಿಲ್ಲ" ಎಂದು ತಳ್ಳಿಹಾಕುವ ಹೆಣ್ಣುಮಗಳ ಒಳಗೆ, ಅಮ್ಮನ ಕಾಯಿಲೆಗಾಗಿ ಮಾಡಿದ ಉಪವಾಸ ಪ್ರಾರ್ಥನೆ ವ್ಯರ್ಥವಾಯಿತು ಎಂಬ ಹಳೆಯ ನೋವು ಕುಳಿತಿರಬಹುದು. ಮೊದಲನೆಯವನಿಗೆ ಬೇಕಾಗಿರುವುದು ಅಪ್ಪನೊಂದಿಗೆ ಒಂದು ಮಾತುಕತೆ. ಎರಡನೆಯವಳಿಗೆ ಬೇಕಾಗಿರುವುದು ಅಳಲು ಒಂದು ಜಾಗ. ಇಬ್ಬರಿಗೂ "ವಿಶ್ವಾಸ ಹೆಚ್ಚಿಸಿಕೊಳ್ಳಿ" ಎಂಬ ಒಂದೇ ಔಷಧಿ ಕೊಟ್ಟು ಕಳಿಸಿದರೆ ಇಬ್ಬರಿಗೂ ಗುಣವಾಗುವುದಿಲ್ಲ.

ಸಂಶಯ ಎಲ್ಲಿಂದ ಬಂದಿದೆ ಎಂದು ನೋಡಿ

ಬಲಪುಟವನ್ನು ಎರಡು ದಿನ ಬಿಟ್ಟು ಓದಿ. ಸಂಶಯ ಹುಟ್ಟುವ ಮೂಲಗಳು ಹಲವು, ಚಿಕಿತ್ಸೆಯೂ ಬೇರೆಬೇರೆ.

ದೇಹದಿಂದ ಬರುವುದೊಂದು. ಕಾರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಜಯ ಕಂಡ ಪ್ರವಾದಿ ಎಲೀಯನು ಕೆಲವೇ ದಿನಗಳಲ್ಲಿ ಓಡಿಹೋಗಿ ಜಾಲಿಗಿಡದ ಕೆಳಗೆ ಕುಳಿತು "ಸಾಕು, ನನ್ನ ಪ್ರಾಣ ತೆಗೆದುಕೋ" ಎಂದನು. ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ಒಂದು ತಂಬಿಗೆ ನೀರನ್ನೂ ಇಟ್ಟು, ಎದ್ದು ಊಟ ಮಾಡು ಎಂದನು. ಅವನು ತಿಂದು ಮತ್ತೆ ಮಲಗಿದನು. ದೂತನು ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದನು. ದೇವರು ಮಾತಾಡಿದ್ದು ಅದಾದ ಎಷ್ಟೋ ದಿನಗಳ ಮೇಲೆ, ಹೋರೇಬಿನಲ್ಲಿ. ರಾತ್ರಿ ಪಾಳಿ ಮುಗಿಸಿ ಬಂದು, ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಹಗಲು ನಿದ್ದೆ ಬಾರದೆ ಹೊರಳಾಡುವವರು ದೇವರ ಇರುವಿಕೆಯನ್ನು ಆ ಹೊತ್ತಿನಲ್ಲಿ ಇತ್ಯರ್ಥ ಮಾಡಲು ಹೋಗಬಾರದು. ಮೊದಲು ನಿದ್ದೆ, ರೊಟ್ಟಿ, ನೀರು.

ಇಲ್ಲಿಯೇ ಇನ್ನೊಂದು ಮಾತು ಸೇರಿಸಬೇಕು. ಎರಡು ವಾರ ಮೀರಿ ನಿದ್ದೆ ಊಟ ಕೆಟ್ಟು, ಯಾವುದರಲ್ಲೂ ಮನಸ್ಸಿಲ್ಲದೆ, ಸಾಯುವ ಯೋಚನೆ ಬರುತ್ತಿದ್ದರೆ, ಅಥವಾ "ಕ್ಷಮೆಯಿಲ್ಲದ ಪಾಪ ಮಾಡಿಬಿಟ್ಟೆ" ಎಂಬ ಒಂದೇ ಯೋಚನೆ ದಿನಕ್ಕೆ ನೂರು ಸಲ ತಲೆಗೆ ಬಡಿಯುತ್ತಿದ್ದರೆ, ಅದನ್ನು ವಿಶ್ವಾಸದ ಕೊರತೆ ಎಂದು ಹೆಸರಿಸಬೇಡಿ. ಅದು ಕಾಯಿಲೆ ಇರಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿರಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸೇವೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಸಿಗುತ್ತದೆ. 2022ರ ಅಕ್ಟೋಬರ್‌ನಿಂದ ಅದು ನಡೆಯುತ್ತಿದೆ. ಯಾದಗಿರಿಯಲ್ಲಿ ಮಿಷನರಿಗಳು ಪ್ರಾರ್ಥನಾ ಮಂದಿರದ ಜೊತೆಗೇ ಆಸ್ಪತ್ರೆಯನ್ನೂ ಕಟ್ಟಿದರು. ಮಾತ್ರೆ ನುಂಗಿದರೆ ವಿಶ್ವಾಸ ಕಡಿಮೆಯಾಯಿತು ಎನ್ನುವ ಉಪದೇಶಿಗಳಿಗೆ ಅದನ್ನು ನೆನಪಿಸಿದರೆ ಸಾಕು.

ವಾದದಿಂದ ಬರುವ ಸಂಶಯ ಅಷ್ಟೇನೂ ಭಯಂಕರವಲ್ಲ. ಕಾಲೇಜಿನಲ್ಲಿ ಗೆಳೆಯನು "ದೇವರು ಒಬ್ಬನೇ ಆದರೆ ನಿಮ್ಮ ಓಣಿಯೊಂದರಲ್ಲೇ ನಾಲ್ಕು ಸಭೆ ಏಕೆ" ಎಂದು ಕೇಳುತ್ತಾನೆ. ನ್ಯಾಯವಾದ ಪ್ರಶ್ನೆಯೇ. ಓದಿ, ತಿಳಿದವರನ್ನು ಕೇಳಿ, ಉತ್ತರ ಸಿಗದಿದ್ದರೆ ಸದ್ಯಕ್ಕೆ ಸಿಗಲಿಲ್ಲ ಎಂದು ಒಪ್ಪಿಕೊಳ್ಳಿ. ಉತ್ತರವಿಲ್ಲದ ಪ್ರಶ್ನೆಯೊಂದಿಗೆ ಬದುಕಬಹುದು.

ಕೇಳಿದ್ದು ಸಿಗದೆ ಬರುವ ಸಂಶಯ ಮಾತ್ರ ಎಲ್ಲಕ್ಕಿಂತ ಆಳವಾದದ್ದು. ಸ್ನಾನಿಕನಾದ ಯೋಹಾನನ್ನೇ ನೋಡಿ. "ಇಗೋ, ದೇವರು ನೇಮಿಸಿದ ಕುರಿ" ಎಂದು ಯೇಸುವನ್ನು ಜನರಿಗೆ ತೋರಿಸಿದವನೇ ಅವನು. ಅದೇ ಯೋಹಾನನು ಸೆರೆಮನೆಯಿಂದ ಶಿಷ್ಯರನ್ನು ಕಳಿಸಿ, ಬರಬೇಕಾದವನು ನೀನೋ, ಇನ್ನೊಬ್ಬನಿಗಾಗಿ ಕಾಯಬೇಕೋ ಎಂದು ಕೇಳಿಸಿದನು. ಯೇಸು ಅವನ ಮೇಲೆ ಸಿಟ್ಟಾಗಲಿಲ್ಲ. ಕುರುಡರು ಕಾಣುತ್ತಿದ್ದಾರೆ, ಬಡವರಿಗೆ ಸುವಾರ್ತೆ ಸಾರಲಾಗುತ್ತಿದೆ ಎಂದು ಹೇಳಿ ಕಳಿಸಿದನು. ಆಮೇಲೆ ಜನರ ಕಡೆಗೆ ತಿರುಗಿ ಯೋಹಾನನನ್ನು ಹೊಗಳಿದನು. ಆದರೆ ಸೆರೆಮನೆಯ ಬಾಗಿಲು ತೆರೆಯಲಿಲ್ಲ. ಈ ಕೊನೆಯ ಸಂಗತಿಯನ್ನು ಪ್ರಸಂಗಗಳಲ್ಲಿ ನಾವು ಬೇಗನೆ ದಾಟಿಬಿಡುತ್ತೇವೆ. ಮಗುವನ್ನು ಕಳೆದುಕೊಂಡ ತಾಯಿ ಕಿವಿಗೊಟ್ಟು ಕೇಳುವುದು ಮಾತ್ರ ಅದನ್ನೇ.

ಇನ್ನೊಂದು ಮೂಲ ಹೇಳಲು ಮುಜುಗರದ್ದು. ಕೆಲವೊಮ್ಮೆ ನಾವು ಬಿಡಲೊಲ್ಲದ ಒಂದು ಪಾಪವೇ ದೇವರ ಬಗ್ಗೆ ಸಂಶಯಗಳನ್ನು ಹುಟ್ಟಿಸಿಕೊಡುತ್ತದೆ. ದೇವರಿಲ್ಲದಿದ್ದರೆ ಅನುಕೂಲ ನೋಡಿ. ನಿಮ್ಮ ವಿಷಯದಲ್ಲಿ ಹಾಗಿದೆಯೇ ಎಂದು ನೀವೇ ಪರೀಕ್ಷಿಸಿಕೊಳ್ಳಿ. ಪಕ್ಕದವರ ವಿಷಯದಲ್ಲಿ ಈ ಅಳತೆಗೋಲು ಹಿಡಿಯಲು ಹೋಗಬೇಡಿ. ಯೋಬನ ಮೂವರು ಗೆಳೆಯರು ಮಾಡಿದ್ದು ಅದನ್ನೇ, ಮತ್ತು ಪುಸ್ತಕದ ಕೊನೆಯಲ್ಲಿ ದೇವರ ಕೋಪ ಎರಗಿದ್ದು ಅವರ ಮೇಲೆ.

ಸಂಶಯವನ್ನು ದೇವರಿಗೇ ಹೇಳಿ

ಊರಿಗೆಲ್ಲ ಹೇಳುವುದಲ್ಲ, ನುಂಗಿಕೊಳ್ಳುವುದೂ ಅಲ್ಲ. 13ನೆಯ ಕೀರ್ತನೆಯನ್ನು ಒಂದು ವಾರ ರಾತ್ರಿ ಮಲಗುವ ಮುನ್ನ ಗಟ್ಟಿಯಾಗಿ ಓದಿ. ಆರೇ ವಚನಗಳು. "ಎಷ್ಟರವರೆಗೆ" ಎಂಬ ಪ್ರಶ್ನೆ ಮೊದಲ ಎರಡು ವಚನಗಳಲ್ಲೇ ಮತ್ತೆ ಮತ್ತೆ ಬರುತ್ತದೆ. ಮೊದಲು ದೂರು, ನಡುವೆ ಬೇಡಿಕೆ, ಕೊನೆಗೆ ಭರವಸೆ. ಇದೇ ಅಚ್ಚಿನಲ್ಲಿ ನಿಮ್ಮ ಪ್ರಾರ್ಥನೆಯನ್ನು ನಿಮ್ಮ ಮಾತಿನಲ್ಲಿ ಹೇಳಿ. ಮನೆಯಲ್ಲಿ ತೆಲುಗು, ಉರ್ದು, ಮರಾಠಿ ಏನು ಮಾತಾಡುತ್ತೀರೋ ಅದರಲ್ಲೇ ಹೇಳಿ. ಪ್ರಾರ್ಥನೆಗಾಗಿ ಪುಸ್ತಕದ ಭಾಷೆಯನ್ನು ಕಷ್ಟಪಟ್ಟು ತರಬೇಕಾಗಿಲ್ಲ. ಕೊನೆಯ ಭಾಗಕ್ಕೆ, ಭರವಸೆಗೆ, ನಾಲಿಗೆ ಹೊರಳದಿದ್ದರೆ ಬಲವಂತ ಮಾಡಬೇಡಿ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಸತ್ಯವೇದದೊಳಗೆ ಇಟ್ಟಿದ್ದಾರೆ.

ಇಲ್ಲಿ ಒಂದು ತಕರಾರು ಏಳುತ್ತದೆ. ಸಂಶಯಪಡುವವನು ಗಾಳಿಗೆ ಅಲೆದಾಡುವ ಸಮುದ್ರದ ತೆರೆಯಂತೆ, ಅವನಿಗೆ ಏನೂ ಸಿಗುವುದಿಲ್ಲ ಎಂದು ಯಾಕೋಬನು ಬರೆದಿಲ್ಲವೇ? ಬರೆದಿದ್ದಾನೆ. ಆದರೆ ಅದರ ಹಿಂದಿನ ವಚನದಲ್ಲೇ, ದೇವರು ಹಂಗಿಸದೆ ಎಲ್ಲರಿಗೂ ಉದಾರವಾಗಿ ಕೊಡುವವನು ಎಂದೂ ಬರೆದಿದ್ದಾನೆ. ಮುಂದೆ ಅವನು ಬೈಯುವುದು ಎರಡು ಮನಸ್ಸುಳ್ಳವನನ್ನು: ಬಾಯಲ್ಲಿ ದೇವರ ಜ್ಞಾನ ಬೇಡುತ್ತ, ಕೈಯಲ್ಲಿ ಬೇರೆಯೇ ಏರ್ಪಾಟು ಹಿಡಿದವನನ್ನು. ನಡುಗುತ್ತಲೇ ದೇವರ ಕಡೆಗೆ ಬರುವವನು ಆ ಗುಂಪಿನವನಲ್ಲ. ಮೂಗದೆವ್ವ ಹಿಡಿದ ಮಗನ ತಂದೆ "ನಂಬುತ್ತೇನೆ, ನನ್ನ ಅಪನಂಬಿಕೆಯಲ್ಲಿ ಸಹಾಯ ಮಾಡು" ಎಂದು ಕೂಗಿದಾಗ ಯೇಸು ಅವನಿಗೆ ಮೊದಲು ಅಪನಂಬಿಕೆ ಸರಿಪಡಿಸಿಕೊಂಡು ಬಾ ಎನ್ನಲಿಲ್ಲ, ಮಗನನ್ನು ವಾಸಿಮಾಡಿದನು. ಪುನರುತ್ಥಾನವಾದ ಮೇಲೆ ಗಲಿಲಾಯದ ಬೆಟ್ಟದಲ್ಲಿ ಯೇಸುವಿಗೆ ಅಡ್ಡಬಿದ್ದವರಲ್ಲೂ ಕೆಲವರು ಸಂದೇಹಪಟ್ಟರು ಎಂದು ಮತ್ತಾಯನು ಮುಚ್ಚಿಡದೆ ಬರೆದಿದ್ದಾನೆ. ಹೋಗಿ ಎಲ್ಲಾ ಜನಾಂಗಗಳನ್ನು ಶಿಷ್ಯರನ್ನಾಗಿ ಮಾಡಿರಿ ಎಂಬ ಆಜ್ಞೆ ಅವರಿಗೂ ಸೇರಿಯೇ ಬಂದಿತು.

ಬೀದರ ಜಿಲ್ಲೆಯಲ್ಲಿ ಮೆಥೋಡಿಸ್ಟ್ ಸಭೆಗಳು ಹಳ್ಳಿಹಳ್ಳಿಗೂ ಇವೆ. ಆ ಸಭೆಗಳ ಮೂಲಪುರುಷ ಜಾನ್ ವೆಸ್ಲಿ 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್‌ನಲ್ಲಿ ತನ್ನ ಹೃದಯ ಬೆಚ್ಚಗಾಯಿತು ಎಂದದ್ದನ್ನು ನಾವು ಹೇಳಿ ಹೇಳಿ ದಣಿದಿಲ್ಲ. ಮುಂದಿನ ಜನವರಿಯಲ್ಲಿ, ಎಂಟು ತಿಂಗಳೂ ಕಳೆಯುವ ಮೊದಲು, ತಾನಿನ್ನೂ ಕ್ರೈಸ್ತನಲ್ಲ ಎಂದು ಅದೇ ವೆಸ್ಲಿ ದಿನಚರಿಯಲ್ಲಿ ಬರೆದುಕೊಂಡದ್ದನ್ನು ಯಾರೂ ಹೇಳುವುದಿಲ್ಲ. ಅವನು ಬೋಧಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಕೇಳಬೇಕಾಗಿಯೇ ಇಲ್ಲದ್ದನ್ನು ಪಕ್ಕಕ್ಕಿಡಿ

ಈಗ ಎಡಪುಟಕ್ಕೆ ಬನ್ನಿ. ಅಲ್ಲಿ ಬರೆದಿರುವುದರಲ್ಲಿ ದೇವರು ಆಗಲೇ ಉತ್ತರ ಕೊಟ್ಟಿರುವುದು ಎಷ್ಟಿದೆ ನೋಡಿ. ನೌಕರಿಗಾಗಿ ಮಧ್ಯವರ್ತಿಗೆ ಲಕ್ಷಗಟ್ಟಲೆ ಕೊಡಬೇಕೋ ಬೇಡವೋ ಎಂದು ಉಪವಾಸ ಮಾಡಿ ಕೇಳುವ ಅಗತ್ಯವಿಲ್ಲ. ವರದಕ್ಷಿಣೆ ಕೇಳುವ ಮನೆಯ ಬಗ್ಗೆ "ದೇವರ ಚಿತ್ತವಿದ್ದರೆ ಆಗಲಿ" ಎನ್ನುವುದೂ ಹಾಗೆಯೇ. ದೇಶದ ಕಾನೂನೇ 1961ರಲ್ಲಿ ಅದನ್ನು ಬೇಡವೆಂದಿದೆ. ಹಳೆಯ ಒಡಂಬಡಿಕೆಯ ಬಿಳಾಮನು ದೇವರಿಂದ ಸ್ಪಷ್ಟವಾಗಿ "ಹೋಗಬೇಡ" ಎಂದು ಕೇಳಿಸಿಕೊಂಡ ಮೇಲೂ ಹೆಚ್ಚಿನ ಕಾಣಿಕೆ ಬಂದಾಗ ಮತ್ತೊಮ್ಮೆ ಕೇಳಿ ನೋಡಲು ಹೋದನು. ಕೊನೆಗೆ ಅವನಿಗೆ ಬುದ್ಧಿ ಹೇಳಿದ್ದು ಕತ್ತೆ.

ನಮ್ಮ ಭಾಗದಲ್ಲಿ ಇದಕ್ಕಿಂತ ಇಕ್ಕಟ್ಟಿನ ಪ್ರಶ್ನೆಯೊಂದಿದೆ: ಅರ್ಜಿಯ ಜಾತಿ, ಧರ್ಮದ ಕಾಲಂ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಇದೆ; ಕ್ರೈಸ್ತರೆಂದು ಬರೆದುಕೊಂಡ ದಲಿತ ಕುಟುಂಬಕ್ಕೆ ಇಲ್ಲ. ಇದು ಅನ್ಯಾಯ ಎಂದು ನ್ಯಾಯಾಲಯದಲ್ಲಿ ವಾದಿಸುತ್ತ ಬಂದವರಿದ್ದಾರೆ. ನನಗೂ ಹಾಗೆಯೇ ಅನ್ನಿಸುತ್ತದೆ. ತಲೆಮಾರುಗಳಿಂದ ಅವಮಾನ ಉಂಡ ಮನೆಯ ಮಗ ಆ ಕಾಲಂ ಮುಂದೆ ಪೆನ್ನು ಹಿಡಿದು ಕುಳಿತಾಗ, ಹೊಟ್ಟೆ ತುಂಬಿದವರು ಹೊರಗಿನಿಂದ ತೀರ್ಪು ಕೊಡುವುದು ಸುಲಭ. ಆದರೂ ಒಂದು ಮಾತು ಹೇಳಲೇಬೇಕು. ಇಲ್ಲಿ ತಿಳಿಯದೆ ಇರುವುದು ದೇವರ ಚಿತ್ತವಲ್ಲ. ಸತ್ಯ ಏನೆಂದು ಗೊತ್ತಿದೆ. ಅದರ ಬೆಲೆಯೂ ಗೊತ್ತಿದೆ. ಆ ಬೆಲೆಯನ್ನು ಒಬ್ಬನೇ ಹೊರಬೇಕಾಗದಂತೆ ಸಭೆ ಏನು ಮಾಡುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ. ಕ್ರೈಸ್ತರಾದ ದಲಿತರಿಗೆ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಜಾಗವಿದೆ, 371(ಜೆ) ಸೌಲಭ್ಯಕ್ಕೆ ಧರ್ಮ ಅಡ್ಡಿಯಿಲ್ಲ. ಇವನ್ನು ತಿಳಿದವರಿಂದ ವಿಚಾರಿಸಿಕೊಂಡು, ಆಮೇಲೆ ಸಹಿ ಮಾಡಿ.

ಇಷ್ಟನ್ನು ತೆಗೆದಿಟ್ಟ ಮೇಲೆ ಉಳಿಯುವುದು ತೆರೆದ ಪ್ರಶ್ನೆಗಳು. ಹೈದರಾಬಾದೋ ಕಲಬುರಗಿಯೋ, ನರ್ಸಿಂಗೋ ಬಿ.ಎಡ್‌ಓ. ಇವುಗಳಲ್ಲಿ ಒಂದು ದೇವರ ಚಿತ್ತ, ಇನ್ನೊಂದು ನಾಶ ಎಂದು ಹೆದರಬೇಕಾಗಿಲ್ಲ. ಎರಡರಲ್ಲೂ ದೇವರನ್ನು ಮೆಚ್ಚಿಸಬಹುದು, ಎರಡರಲ್ಲೂ ಕೆಡಬಹುದು.

ಗುರುತು, ಚೀಟಿ, ಕನಸು

ಡಿಸೆಂಬರ್ 31ರ ರಾತ್ರಿ ಅನೇಕ ಸಭೆಗಳಲ್ಲಿ ವಾಗ್ದಾನದ ಚೀಟಿ ಎತ್ತುತ್ತೇವೆ. ವರ್ಷವೆಲ್ಲ ಮನೆಯ ಗೋಡೆಯ ಮೇಲೆ ಒಂದು ವಚನ ಇರುವುದು ಒಳ್ಳೆಯದೇ. "ನೀನು ಹೊರಟುಹೋಗುವೆ" ಎಂಬಂಥ ಅರ್ಧ ವಚನ ಬಂದಿತೆಂದು ಮನೆ ಖಾಲಿ ಮಾಡಲು ಹೊರಡುವುದು ಮಾತ್ರ ಒಳ್ಳೆಯದಲ್ಲ. ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟಲ್ಲಿ ಸಿಕ್ಕಿದ್ದನ್ನು ಉತ್ತರವೆಂದುಕೊಳ್ಳುವುದೂ ಅದೇ ಜಾತಿಯದು. ಮೂಢನಂಬಿಕೆ ಬಿಟ್ಟವರು ನಾವು ಎನ್ನುತ್ತೇವೆ. ಗೃಹಪ್ರವೇಶಕ್ಕೆ ಅಮಾವಾಸ್ಯೆಯನ್ನು ಸದ್ದಿಲ್ಲದೆ ತಪ್ಪಿಸುವ ಕ್ರೈಸ್ತ ಮನೆಗಳು ನಮ್ಮಲ್ಲಿ ಎಷ್ಟಿವೆ ಎಂದು ಕೇಳುವುದು ಬೇಡ.

ಗಿದ್ಯೋನನು ಉಣ್ಣೆ ಹರವಿ ಗುರುತು ಕೇಳಲಿಲ್ಲವೇ ಎಂದರೆ, ಕೇಳಿದನು. ಆದರೆ ಅವನಿಗೆ ಏನು ಮಾಡಬೇಕೆಂದು ಆಗಲೇ ಗೊತ್ತಿತ್ತು; ಉಣ್ಣೆ ಹರವಿದ್ದು ಅಂಜಿಕೆಗೆ. ದೇವರು ಆ ಅಂಜಿಕೆಯನ್ನು ಸಹಿಸಿಕೊಂಡನು. ಸಹಿಸಿಕೊಂಡದ್ದನ್ನು ನಾವು ಪದ್ಧತಿ ಮಾಡಿಕೊಂಡೆವು. ಯೇಸುವನ್ನು ಹಿಡಿದುಕೊಟ್ಟ ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಲು ಅಪೊಸ್ತಲರು ಚೀಟು ಹಾಕಿದರು, ನಿಜ. ಪವಿತ್ರಾತ್ಮನು ಇಳಿದು ಬಂದ ಮೇಲೆ ಅಪೊಸ್ತಲರ ಕೃತ್ಯಗಳಲ್ಲಿ ಇನ್ನೊಮ್ಮೆ ಚೀಟು ಹಾಕಿದ ಕಥೆ ಇಲ್ಲ. ಯೆರೂಸಲೇಮಿನ ಸಭೆಯಲ್ಲಿ ಬಿಸಿಬಿಸಿ ವಾದ ನಡೆದ ಮೇಲೆ "ಪವಿತ್ರಾತ್ಮನಿಗೂ ನಮಗೂ ಯುಕ್ತವೆಂದು ತೋಚಿತು" ಎಂದು ಬರೆದು ಕಳಿಸಿದರು. ಮಾತುಕತೆಯಿಂದ ಬಂದ ತೀರ್ಮಾನ ಅದು.

ಚೀಟಿಯ ವಿಷಯದಲ್ಲಿ ವೆಸ್ಲಿಯ ಕಥೆ ಮತ್ತೆ ನೆನಪಾಗುತ್ತದೆ. ಅಮೆರಿಕದ ಜಾರ್ಜಿಯದಲ್ಲಿದ್ದಾಗ, 1737ರಲ್ಲಿ, ಸೋಫಿಯಾ ಹಾಪ್ಕಿ ಎಂಬ ಹುಡುಗಿಯನ್ನು ಮದುವೆಯಾಗಬೇಕೋ ಬೇಡವೋ ಎಂದು ತಿಳಿಯದೆ ಗೆಳೆಯನೊಬ್ಬನೊಂದಿಗೆ ಪ್ರಾರ್ಥಿಸಿ ಮೂರು ಚೀಟಿ ಬರೆದನು: ಮದುವೆಯಾಗು, ಈ ವರ್ಷ ಯೋಚಿಸಬೇಡ, ಇನ್ನು ಯೋಚಿಸಲೇಬೇಡ. ಮೂರನೆಯದು ಬಂತು. ಆಕೆ ಬೇರೊಬ್ಬನನ್ನು ಮದುವೆಯಾದಳು. ಆಮೇಲೆ ವೆಸ್ಲಿ ಆಕೆಗೆ ಪ್ರಭುಭೋಜನ ನಿರಾಕರಿಸಿ, ಮೊಕದ್ದಮೆ ಹಾಕಿಸಿಕೊಂಡು, ವರ್ಷ ಮುಗಿಯುವ ಮೊದಲೇ ಊರು ಬಿಟ್ಟನು. ಚೀಟಿ ಪ್ರಶ್ನೆಗೆ ಉತ್ತರ ಕೊಟ್ಟಿತ್ತು. ಅವನ ಮನಸ್ಸು ಒಪ್ಪಿರಲಿಲ್ಲ.

ಗುರುತು ಕೇಳುವ ಮುನ್ನ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ನನಗೆ ಬೇಡವಾದ ಉತ್ತರ ಬಂದರೂ ಒಪ್ಪುತ್ತೇನೆಯೇ? ಯೆರೆಮೀಯನ 42ನೆಯ ಅಧ್ಯಾಯ ಓದಿ. ಯೆರೂಸಲೇಮ್ ಬಿದ್ದ ಮೇಲೆ ಅಳಿದುಳಿದ ಜನರು ಪ್ರವಾದಿಯ ಬಳಿ ಬಂದು, ಒಳ್ಳೆಯದಾಗಲಿ ಕೆಟ್ಟದ್ದಾಗಲಿ ದೇವರು ಹೇಳಿದ್ದನ್ನೇ ಮಾಡುತ್ತೇವೆ ಎಂದು ಆಣೆಯಿಟ್ಟರು. ಹತ್ತು ದಿನಗಳ ಮೇಲೆ ಉತ್ತರ ಬಂತು: ಐಗುಪ್ತಕ್ಕೆ ಹೋಗಬೇಡಿ. ಅವರು ಪ್ರವಾದಿಗೆ "ನೀನು ಸುಳ್ಳು ಹೇಳುತ್ತಿದ್ದೀ" ಎಂದು ಐಗುಪ್ತಕ್ಕೇ ಹೊರಟರು. ಗಂಟುಮೂಟೆ ಕಟ್ಟಿಯಾದ ಮೇಲೆ ಕೇಳಿದ ಪ್ರಾರ್ಥನೆ ಅದು.

ಬಾಗಿಲು ತೆರೆದಿದೆ ಎಂಬುದೂ ಆಜ್ಞೆಯಲ್ಲ. ತ್ರೋವ ಪಟ್ಟಣದಲ್ಲಿ ಪೌಲನಿಗೆ ಸೇವೆಯ ಬಾಗಿಲು ತೆರೆದಿತ್ತು. ಜೊತೆಗಾರ ತೀತನನ್ನು ಕಾಣದೆ ಮನಸ್ಸಿಗೆ ನೆಮ್ಮದಿಯಿಲ್ಲದ್ದರಿಂದ ಬಿಟ್ಟು ಮಕೆದೋನ್ಯಕ್ಕೆ ಹೋದನು. ಅದಕ್ಕಾಗಿ ಅವನನ್ನು ಯಾರೂ ಅವಿಶ್ವಾಸಿ ಎನ್ನಲಿಲ್ಲ. ಇನ್ನು ಫೋನಿನಲ್ಲಿ ನಿಮ್ಮ ಹೆಸರು ಕೇಳಿ, ಪ್ರವಾದನೆ ಹೇಳಿ, ಜೊತೆಗೇ ಕಾಣಿಕೆ ಕಳಿಸಬೇಕಾದ ನಂಬರನ್ನೂ ಹೇಳುವವರಿಂದ ದೂರವಿರಿ. ಪ್ರವಾದನೆಗಳನ್ನು ತುಚ್ಛೀಕರಿಸಬೇಡಿ, ಆದರೆ ಎಲ್ಲವನ್ನೂ ಪರೀಕ್ಷಿಸಿ ಎಂದು ಪೌಲನು ಎರಡನ್ನೂ ಒಟ್ಟಿಗೇ ಹೇಳಿದ್ದಾನೆ.

ವಿಚಾರಿಸಿ

ದೇವರ ಚಿತ್ತ ತಿಳಿಯುತ್ತಿಲ್ಲ ಎನ್ನುವವರಲ್ಲಿ ಹಲವರಿಗೆ ತಿಳಿಯದೆ ಇರುವುದು ಕೋಣೆಯ ಬಾಡಿಗೆ ಎಷ್ಟು ಎಂಬುದು. ಕೈಗೆ ಬರುವ ಸಂಬಳವೆಷ್ಟು, ಬಾಂಡ್ ಇದೆಯೇ, ಊರಿಗೆ ಎಷ್ಟು ಕಳಿಸಲಾಗುತ್ತದೆ ಎಂದು ಲೆಕ್ಕ ಬರೆಯಿರಿ. ಲಾವಣಿ ಹಿಡಿಯುವವರು ಆ ಹೊಲಕ್ಕೆ ಹಿಂದೆ ಗಿಡ ಒಣಗಿಸುವ ನೆಟೆ ರೋಗ ತಗುಲಿತ್ತೇ ಎಂದು ಪಕ್ಕದ ಹೊಲದವರನ್ನು ಕೇಳಿ. ಮದುವೆಯಾದರೆ ಹುಡುಗನ ಊರಿಗೆ ಹೇಳದೆ ಒಮ್ಮೆ ಹೋಗಿ ಬನ್ನಿ. ಅವನ ಪಾಸ್ಟರ್ ಅವರಿಗಿಂತ ಅವನ ಓಣಿಯ ಕಿರಾಣಿ ಅಂಗಡಿಯವರು ಹೆಚ್ಚು ಹೇಳಬಲ್ಲರು. ಮತ್ತು ಹುಡುಗಿಯನ್ನು ಕೇಳಿ. ಹಿರಿಯರೆಲ್ಲ ಕುಳಿತಾಗ ತಲೆಯಾಡಿಸಿದ್ದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಚಿಕ್ಕಮ್ಮನೋ ಅಕ್ಕನೋ ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಲಿ, "ಬೇಡ" ಎಂದರೆ ಬೈಗುಳವಿಲ್ಲ ಎಂದು ಮೊದಲೇ ಹೇಳಿ ಕೇಳಲಿ.

ಸಲಹೆಗೆ ಮೂವರು ಸಾಕು: ಆ ವಿಷಯ ಗೊತ್ತಿರುವ ಒಬ್ಬರು, ದೇವರೊಂದಿಗೆ ನಡೆದು ಪಳಗಿದ ಒಬ್ಬರು, ನಿಮ್ಮ ಮುಖ ನೋಡದೆ "ತಪ್ಪು" ಎನ್ನಬಲ್ಲ ಒಬ್ಬರು. ಹತ್ತು ಜನರನ್ನು ಕೇಳುತ್ತ ಹೋಗುವವರು ತಮಗೆ ಬೇಕಾದ ಉತ್ತರ ಕೊಡುವ ಹನ್ನೊಂದನೆಯವರನ್ನು ಹುಡುಕುತ್ತಿರುತ್ತಾರೆ.

ಹದಿನಾರನೆಯ ಶತಮಾನದಲ್ಲಿ ಲೊಯೋಲದ ಇಗ್ನೇಷಿಯಸ್ ಹೇಳಿಕೊಟ್ಟ ಉಪಾಯವೊಂದು ಕಥೋಲಿಕರಿಗಷ್ಟೇ ಮೀಸಲಲ್ಲ. ನೀವು ಎಂದೂ ಕಾಣದ ಒಬ್ಬರು ಇದೇ ತೊಡಕಿನಲ್ಲಿ ಸಿಕ್ಕು ನಿಮ್ಮ ಬಳಿ ಬಂದರೆ, ಅವರ ಒಳಿತನ್ನಷ್ಟೇ ಬಯಸಿ ನೀವು ಏನು ಹೇಳುತ್ತೀರಿ? ಅದನ್ನೇ ನಿಮಗೆ ನೀವು ಹೇಳಿಕೊಳ್ಳಿ.

ತಾರೀಖು ಹಾಕಿ, ತೀರ್ಮಾನಿಸಿ

ಎಡಪುಟದ ಕೆಳಗೆ ಒಂದು ತಾರೀಖು ಬರೆಯಿರಿ. ಆ ದಿನದವರೆಗೆ ಪ್ರಾರ್ಥನೆ, ವಿಚಾರಣೆ. ಆ ದಿನ ತೀರ್ಮಾನ. ತಾರೀಖಿಲ್ಲದ ಕಾಯುವಿಕೆ ಬಹಳ ಸಲ ಸೋಗು. ಮಳೆ ಬಿದ್ದಾಗ ಬಿತ್ತಬೇಕು. ಆಗಸ್ಟ್ ಮುಗಿದ ಮೇಲೆ ತೊಗರಿಯ ಬಗ್ಗೆ ದೇವರ ಚಿತ್ತ ತಿಳಿದು ಪ್ರಯೋಜನವಿಲ್ಲ.

ಒಂದು ಎಚ್ಚರಿಕೆ ಇಗ್ನೇಷಿಯಸ್‌ನದೇ. ಮನಸ್ಸು ಕತ್ತಲೆಯಲ್ಲಿ ಮುಳುಗಿದ್ದಾಗ, ಬೆಳಕಿನಲ್ಲಿದ್ದಾಗ ಮಾಡಿದ ತೀರ್ಮಾನವನ್ನು ಬದಲಿಸಬೇಡಿ. ಫಲಿತಾಂಶ ಬಂದ ರಾತ್ರಿ ಪುಸ್ತಕ ಸುಡಬೇಡಿ. ಜಗಳವಾಡಿದ ರಾತ್ರಿ ನಿಶ್ಚಿತಾರ್ಥ ಮುರಿಯಬೇಡಿ. ಇದಕ್ಕೆ ಹೊರತಾದದ್ದೂ ಇದೆ: ಮನೆಯಲ್ಲಿ ಹೊಡೆತ ತಿನ್ನುತ್ತಿರುವವರು, ವೈದ್ಯರು ಈಗಲೇ ಶಸ್ತ್ರಚಿಕಿತ್ಸೆ ಎಂದಿರುವವರು ಮನಸ್ಸಿನ ಬೆಳಕಿಗಾಗಿ ಕಾಯಬಾರದು. ಇವತ್ತೇ ಹೊರಡಿ.

ತೀರ್ಮಾನದ ದಿನ ಓದಲು ಯೆರೆಮೀಯನ 32ನೆಯ ಅಧ್ಯಾಯಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ, ಯೆರೆಮೀಯನು ಸೆರೆಯಲ್ಲಿದ್ದಾನೆ. ಆಗ ದಾಯಾದಿ ಹನಮೇಲನು ಬಂದು ಅನಾತೋತಿನ ಹೊಲ ಕೊಂಡುಕೋ ಎನ್ನುತ್ತಾನೆ. ಶತ್ರುಗಳ ಕೈಸೇರಲಿರುವ ಹೊಲ! ದೇವರು ಹೇಳಿದ್ದಾನೆಂದು ಯೆರೆಮೀಯನು ಹದಿನೇಳು ಶೆಕೆಲ್ ಬೆಳ್ಳಿ ತೂಗಿಕೊಟ್ಟು ಕೊಂಡುಕೊಂಡನು. ಹೇಗೆ? ಸಾಕ್ಷಿಗಳ ಮುಂದೆ, ಸಹಿ ಹಾಕಿ, ಮುದ್ರೆ ಒತ್ತಿ, ಒಂದು ಮುಚ್ಚಿದ ಪ್ರತಿ ಒಂದು ತೆರೆದ ಪ್ರತಿ ಮಾಡಿಸಿ, ಬಹುಕಾಲ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸಿ. ಇಂದಿನ ಖರೀದಿ ಪತ್ರಕ್ಕಿಂತ ಏನೂ ಕಡಿಮೆಯಿಲ್ಲ. ಇಷ್ಟೆಲ್ಲ ಮುಗಿದ ಮೇಲೆ ಪ್ರಾರ್ಥನೆಗೆ ಕುಳಿತನು. ನಿನಗೆ ಅಸಾಧ್ಯವಾದದ್ದು ಒಂದೂ ಇಲ್ಲ ಎಂದು ಆರಂಭಿಸಿ, ಕೊನೆಗೆ ಒಳಗಿದ್ದದ್ದು ಹೊರಗೆ ಬಂತು: ಊರು ಶತ್ರುಗಳ ಕೈಸೇರುತ್ತಿದೆ, ಆದರೂ ಹೊಲ ಕೊಂಡುಕೋ ಎನ್ನುತ್ತೀಯಲ್ಲ!

ಸಹಿ ಮೊದಲು, ಸಂಶಯ ಆಮೇಲೆ. ದೇವರು ಅದನ್ನೂ ಕೇಳಿದನು, ಉತ್ತರವನ್ನೂ ಕೊಟ್ಟನು. ತೀರ್ಮಾನ ಮಾಡಿದ ರಾತ್ರಿ ಎದೆ ಡವಡವಗು‌ಟ್ಟಿದರೆ ತಪ್ಪು ದಾರಿ ಹಿಡಿದಿರಿ ಎಂದು ಅರ್ಥವಲ್ಲ.

ಆಮೇಲೆ

ತೀರಿದ ವಿಷಯವನ್ನು ರಾತ್ರಿ ರಾತ್ರಿ ಬಿಚ್ಚಿ ನೋಡಬೇಡಿ. ಮತ್ತೆ ತೆರೆಯಲು ಕಾರಣಗಳು ಕೆಲವೇ: ಮೊದಲು ಗೊತ್ತಿರದ ಹೊಸ ಸಂಗತಿ ಬಂದಿದ್ದರೆ, ಒಳಗೆ ಸುಳ್ಳೋ ಮೋಸವೋ ಇದೆಯೆಂದು ಕಂಡುಬಂದರೆ, ಸಲಹೆ ಕೊಟ್ಟ ಮೂವರೂ ಈಗ ಬೇಡವೆಂದರೆ. ಪೌಲನೂ ಕೊರಿಂಥಕ್ಕೆ ಬರುತ್ತೇನೆಂದು ಹೇಳಿ ಯೋಜನೆ ಬದಲಿಸಿದನು. ಚಂಚಲನೆಂಬ ಆರೋಪವನ್ನೂ ಕೇಳಿಸಿಕೊಂಡನು. ಬದಲಿಸಿದ್ದೇಕೆಂದು ಪತ್ರ ಬರೆದು ವಿವರಿಸಿದನು. ಕಾರಣವಿದ್ದು ಬದಲಿಸಬೇಕಾದರೆ ಬದಲಿಸಿ, ಸಂಬಂಧಪಟ್ಟವರಿಗೆ ತಿಳಿಸಿ.

ಹೈದರಾಬಾದಿಗೆ ಹೋದವರು ಮೊದಲ ಭಾನುವಾರವೇ ಒಂದು ಸಭೆ ಹುಡುಕಿಕೊಳ್ಳಿ, ಆರಾಧನೆ ತೆಲುಗಿನಲ್ಲಾದರೂ ಸರಿ. ಎರಡನೆಯ ಭಾನುವಾರಕ್ಕೆ ಮುಂದೂಡಿದರೆ ಆಮೇಲೆ ಕ್ರಿಸ್‌ಮಸ್‌ವರೆಗೂ ಹೋಗುವುದಿಲ್ಲ.

ಫಲ ಕೆಟ್ಟರೆ? 2022ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ತೊಗರಿ ನೆಟೆ ರೋಗಕ್ಕೆ ನಿಂತಲ್ಲೇ ಒಣಗಿದಾಗ, ಪ್ರಾರ್ಥಿಸಿ ಬಿತ್ತಿದವರ ಹೊಲ, ಬಿತ್ತದವರ ಹೊಲ ಎಂದು ರೋಗ ಭೇದ ಮಾಡಲಿಲ್ಲ. ಬೆಳೆ ಹೋಯಿತೆಂದ ಮಾತ್ರಕ್ಕೆ ತೀರ್ಮಾನ ಪಾಪವಾಗುವುದಿಲ್ಲ. ಹೊಲಗಳು ಆಹಾರ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ಕರ್ತನಲ್ಲಿ ಉಲ್ಲಾಸಪಡುತ್ತೇನೆ ಎಂದ ಹಬಕ್ಕೂಕನು ಅದೇ ಪುಸ್ತಕವನ್ನು ಶುರುಮಾಡಿದ್ದು "ನಾನು ಎಷ್ಟು ಕಾಲ ಮೊರೆಯಿಡಲಿ, ನೀನು ಕೇಳುವುದೇ ಇಲ್ಲವಲ್ಲ" ಎಂದು. ಮೊದಲ ಅಧ್ಯಾಯ ಓದದೆ ಮೂರನೆಯದನ್ನು ನಷ್ಟವಾದವರ ಮನೆಯಲ್ಲಿ ಓದಲು ಹೋಗಬೇಡಿ. ಮೊದಲು ಬೆಳೆ ವಿಮೆಯ ಅರ್ಜಿ ತುಂಬಲು ಅವರಿಗೆ ನೆರವಾಗಿ.

ಕೊನೆಯದಾಗಿ ಸಭಾಪಾಲಕರಿಗೆ ಒಂದು ವಿನಂತಿ. ಸಾಕ್ಷಿ ಹೇಳುವ ಹೊತ್ತಿನಲ್ಲಿ ಕೆಲಸ ಸಿಕ್ಕವರು, ಕಾಯಿಲೆ ವಾಸಿಯಾದವರು ಮಾತ್ರ ಎದ್ದು ನಿಲ್ಲುತ್ತಾರೆ. "ಇನ್ನೂ ಉತ್ತರ ಸಿಕ್ಕಿಲ್ಲ, ಆದರೂ ಬಂದಿದ್ದೇನೆ" ಎನ್ನುವವರಿಗೂ ತಿಂಗಳಿಗೊಮ್ಮೆ ಐದು ನಿಮಿಷ ಕೊಡಿ. ಸಂಶಯಪಡುವವರಿಗೆ ಕರುಣೆ ತೋರಿಸಿರಿ ಎಂದು ಯೂದನ ಪತ್ರದಲ್ಲಿದೆ. ಅವರು ಮಾತಾಡಿದ ಮೇಲೆ ಯಾರೂ ಎದ್ದು ತಿದ್ದದಂತೆ ನೋಡಿಕೊಳ್ಳಿ. ಸಮಯ ಸಾಲದಿದ್ದರೆ ಪ್ರಕಟಣೆಗಳಲ್ಲಿ ಒಂದೆರಡನ್ನು ಬಿಟ್ಟುಬಿಡಬಹುದು.